700 ಡಾಲರ್ ಒಳಗೆ ಜಿಂಕೆ ಬೇಟೆಗೆ ರೈಫಲ್ ಮತ್ತು ಸ್ಕೋಪ್: ಯಾವುದು ತಗೊಳ್ಳಲಿ?

ಬೇಲೆಕೇರಿಯವ

ಎಲ್ಲರಿಗೂ ನಮಸ್ಕಾರ. ನಮ್ಮೂರು ಅಂಕೋಲಾ ಹತ್ತಿರ ಬೇಲೆಕೇರಿ. ಕೆಲಸ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮ್ಯಾಡಿಸನ್ ಊರು. ಈಗ ರಜೆಗೆ ಮನೆಗೆ ಬಂದಿದ್ದೇನೆ. ಆಗಸ್ಟ್‌ನಲ್ಲಿ ವಾಪಸ್ ಹೋಗಬೇಕು.

ನನ್ನ ಜೊತೆ ಕೆಲಸ ಮಾಡುವವನ ಮನೆಯವರಿಗೆ ರಿಚ್‌ಲ್ಯಾಂಡ್ ಕೌಂಟಿಯಲ್ಲಿ ಜಮೀನಿದೆ. ಅರ್ಧ ಗದ್ದೆ, ಅರ್ಧ ಗುಡ್ಡ, ಓಕ್ ಮರದ ಕಾಡು. ನವೆಂಬರ್‌ನಲ್ಲಿ ಜಿಂಕೆ ಸೀಸನ್‌ಗೆ ನೀನೂ ಬಾ ಎಂದು ಕರೆದಿದ್ದಾರೆ. ನನಗೆ ತುಂಬಾ ಆಸೆ ಇದೆ. ಅಜ್ಜನ ಹತ್ತಿರ ಬೆಳೆ ರಕ್ಷಣೆಯ ಒಂಟಿ ನಳಿಗೆ ಕೋವಿ ಇತ್ತು. ಅದನ್ನು ಒರೆಸಿ ಎಣ್ಣೆ ಹಚ್ಚುವ ಕೆಲಸ ನನ್ನದು. ಗುಂಡು ಹೊಡೆದದ್ದು ಮಾತ್ರ ಕಾಲೇಜಿನ ಎನ್‌ಸಿಸಿಯಲ್ಲಿ, ಪಾಯಿಂಟ್ ಟೂ ಟೂ ರೈಫಲ್‌ನಲ್ಲಿ.

ರೈಫಲ್, ಅದರ ಮೇಲೆ ಕೂರಿಸುವ ಗುರಿಯ ದುರ್ಬೀನು ಅಂದರೆ ಸ್ಕೋಪ್, ತೋಟಾ ಎಲ್ಲಾ ಸೇರಿ 700 ಡಾಲರ್ ಇಟ್ಟುಕೊಂಡಿದ್ದೇನೆ. ಗುಂಡಿನ ಅಳತೆ ಯಾವುದಿರಲಿ ಎಂದರೆ ನೆಟ್‌ನಲ್ಲಿ ಒಬ್ಬರು .308 ಎನ್ನುತ್ತಾರೆ, ಇನ್ನೊಬ್ಬರು .30-06, ಮತ್ತೊಬ್ಬರು 6.5 ಕ್ರೀಡ್‌ಮೂರ್. ನಾನು 5 ಅಡಿ 5 ಇಂಚು, ಸಪೂರ ಆಳು. ಹೆಗಲಿಗೆ ಒದೆತ ಜಾಸ್ತಿ ಇರುವುದು ಬೇಡ. ಸ್ಕೋಪ್ ಕೂಡಿಸಿಯೇ ಕೊಡುವ ಸೆಟ್ ತಗೊಳ್ಳಲಾ, ಬೇರೆ ಬೇರೆ ತಗೊಳ್ಳಲಾ? ಇನ್ನೊಂದು, ನಾನಿರುವುದು ಎಚ್‌1ಬಿ ವೀಸಾದಲ್ಲಿ. ಅದರಿಂದ ತೊಂದರೆ ಇದೆಯಾ?

ತೋಟದಮನೆ, ಶಿರಸಿ

ತಮ್ಮಾ, ನಿನಗೆ ಉತ್ತರ ಕೊಡುವ ಮೊದಲು ಇದನ್ನು ಓದುವ ನಮ್ಮ ಜಿಲ್ಲೆಯವರಿಗೆ ಒಂದು ಮಾತು. ಇದು ಅಲ್ಲಿಯ ವಿಷಯ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಜಿಂಕೆ, ಕಡವೆ, ಕಾಡುಕುರಿ ಯಾವುದನ್ನೂ ಮುಟ್ಟುವಂತಿಲ್ಲ. ಬೆಳೆ ರಕ್ಷಣೆ ಲೈಸೆನ್ಸ್ ಕೈಲಿದ್ದರೂ ಅದು ಬೇಟೆಯ ಪರವಾನಗಿ ಅಲ್ಲ. ನನ್ನ ಕೋವಿಗೂ ಕಾರವಾರದಿಂದ ಬಂದ ಲೈಸೆನ್ಸ್ ಇದೆ. ಅಡಿಕೆ ತೋಟಕ್ಕೆ ಮಂಗ ಬಂದರೆ ಆಕಾಶಕ್ಕೆ ಒಂದು ಸದ್ದು, ಅಷ್ಟೇ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುತ್ತೇವೆ.

ಇನ್ನು ನಿನ್ನ ಪ್ರಶ್ನೆ. ಬ್ರ್ಯಾಂಡ್ ನನಗೆ ತಿಳಿಯದು. ಆದರೆ ನೀನು ಅಜ್ಜನ ಕೋವಿಯ ನೆನಪಲ್ಲಿ ಹೋಗಬೇಡ. ನಮ್ಮ 12 ಬೋರಿನ ಚರೆ ತೋಟಾ ಮೂವತ್ತು ನಲವತ್ತು ಗಜಕ್ಕೆ ಬಲ ಕಳೆದುಕೊಳ್ಳುತ್ತದೆ. ರೈಫಲ್ ಗುಂಡು ಹಾಗಲ್ಲ. ತಪ್ಪಿದರೆ ಮೈಲಿಗಟ್ಟಲೆ ಹೋಗಬಲ್ಲದು. ಜಿಂಕೆಯ ಹಿಂದೆ ಮಣ್ಣಿನ ದರೆ ಇದೆಯಾ, ಯಾರದ್ದಾದರೂ ಕೊಟ್ಟಿಗೆ ಇದೆಯಾ ಅಂತ ಮೊದಲು ನೋಡು. ಅಲ್ಲಿ ಎಷ್ಟು ದೂರದ ಹೊಡೆತ ಸಿಗುತ್ತದೆ? ಅದನ್ನು ಕೇಳಿಕೊಂಡರೆ ಯಾವ ಬಂದೂಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ಕುಮಟಾ–ಲಾಕ್ರಾಸ್

ತೋಟದಮನೆಯವರು ಕೇಳಿದ್ದು ಸರಿಯಾದ ಪ್ರಶ್ನೆ. ನನ್ನ ಮೂಲ ಕುಮಟಾ. ಬಹಳ ವರ್ಷದಿಂದ ಲಾಕ್ರಾಸ್‌ನಲ್ಲಿದ್ದೇನೆ, ಮಿಸಿಸಿಪ್ಪಿ ನದಿಯ ದಂಡೆ. ರಿಚ್‌ಲ್ಯಾಂಡ್ ಇಲ್ಲಿಂದ ದೂರ ಅಲ್ಲ. ಅಲ್ಲಿಯ ಗುಡ್ಡ ಕಣಿವೆ ನೋಡಿದರೆ ನಿಮಗೆ ಯಾಣದ ಕಡೆಯ ಘಟ್ಟ ನೆನಪಾಗಬಹುದು. ಕಾಡಿನೊಳಗೆ ಹೆಚ್ಚಿನ ಹೊಡೆತ 100 ಗಜದ ಒಳಗೇ. ಗದ್ದೆಯ ಅಂಚಿನಲ್ಲಿ ಕೂತರೆ 150, 200. ಅದಕ್ಕಿಂತ ದೂರದ್ದನ್ನು ಹೊಸಬರು ಬಿಟ್ಟುಬಿಡಬೇಕು. ಪ್ರಾಣಿ ಗಾಯಗೊಂಡು ಕಾಡು ಸೇರಿ ನರಳಿ ಸಾಯುವುದಕ್ಕಿಂತ ದೊಡ್ಡ ಪಾಪ ಈ ಕೆಲಸದಲ್ಲಿ ಇಲ್ಲ. ನಾನು ಹೇಳುವುದೆಲ್ಲ ಅದನ್ನು ತಪ್ಪಿಸುವುದಕ್ಕಾಗಿಯೇ.

ವೀಸಾ ಮೊದಲು. ಅಮೆರಿಕದ ಫೆಡರಲ್ ಕಾನೂನು ಪ್ರಕಾರ ಎಚ್‌1ಬಿ ತರಹದ ವೀಸಾದವರು ಬಂದೂಕು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಆದರೆ ಒಂದು ವಿನಾಯಿತಿ ಇದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಕೊಳ್ಳಬಹುದು. ಅಂಗಡಿಯಲ್ಲಿ 4473 ಎಂಬ ಫಾರ್ಮ್ ತುಂಬಿಸುತ್ತಾರೆ. ಆಗ ಆ ಲೈಸೆನ್ಸ್ ತೋರಿಸಬೇಕು, ಐ-94 ಅಂದರೆ ಅಮೆರಿಕದೊಳಗೆ ಬಂದ ದಾಖಲೆಯ ನಂಬರ್ ಬರೆಯಬೇಕು. ಬೇಟೆ ಲೈಸೆನ್ಸ್ ಅವಧಿ ಮುಗಿದರೆ ಮನೆಯಲ್ಲಿ ರೈಫಲ್ ಇರುವುದೇ ತಪ್ಪಾಗುತ್ತದೆ. ಪ್ರತಿ ವರ್ಷ ಮರೆಯದೆ ಹೊಸದು ಮಾಡಿಸಿ. ಗ್ರೀನ್ ಕಾರ್ಡ್ ದಾರಿಯಲ್ಲಿದ್ದರೆ ಒಬ್ಬ ವಲಸೆ ವಕೀಲರ ಹತ್ತಿರ ಮಾತಾಡಿ ಮುಂದುವರಿಯುವುದು ಒಳ್ಳೆಯದು. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಲೈಸೆನ್ಸ್‌ಗೆ ಮುಂಚೆ ಬೇಟೆಗಾರರ ತರಬೇತಿ ಮುಗಿಸಿರಬೇಕು. ದೊಡ್ಡವರು ಅದನ್ನು ಆನ್‌ಲೈನ್‌ನಲ್ಲೇ ಮುಗಿಸಬಹುದು. ಅಂದರೆ ತರಬೇತಿ, ಆಮೇಲೆ ಲೈಸೆನ್ಸ್, ಆಮೇಲೆ ಅಂಗಡಿ.

ಈಗ ರೈಫಲ್. ಸ್ಯಾವೇಜ್ ಆಕ್ಸಿಸ್ 2, ರೂಗರ್ ಅಮೆರಿಕನ್, ಮಾಸ್‌ಬರ್ಗ್ ಪೇಟ್ರಿಯಟ್. ಮೂರೂ ಬೋಲ್ಟ್ ಆ್ಯಕ್ಷನ್, ಅಂದರೆ ಪ್ರತಿ ಗುಂಡಿಗೂ ಹಿಡಿಕೆಯನ್ನು ಕೈಯಿಂದ ಎಳೆದು ತಳ್ಳಬೇಕು. ಬೆಲೆ 400ರಿಂದ 500 ಡಾಲರ್ ಆಸುಪಾಸು. ಪ್ಲಾಸ್ಟಿಕ್ ಬಟ್, ನೋಡಲು ಚಂದ ಏನಿಲ್ಲ. ಆದರೆ ಈ ಬೆಲೆಗೆ ಇಷ್ಟು ಕರಾರುವಾಕ್ಕಾಗಿ ಹೊಡೆಯುವ ರೈಫಲ್ ಹಿಂದೆ ಸಿಗುತ್ತಿರಲಿಲ್ಲ. ನನ್ನ ಓಟು ಆಕ್ಸಿಸ್ 2ಕ್ಕೆ. ಅದರ ಟ್ರಿಗರ್ ಬಿಗಿಯನ್ನು ನೀವೇ ಹದ ಮಾಡಿಕೊಳ್ಳಬಹುದು. ಹೊಸಬರಿಗೆ ಒಳ್ಳೆಯ ಟ್ರಿಗರ್ ತುಂಬಾ ಸಹಾಯ ಮಾಡುತ್ತದೆ. ಅಂಗಡಿಗೆ ಹೋಗಿ ಮೂರನ್ನೂ ಹೆಗಲಿಗೆ ಇಟ್ಟು ನೋಡಿ. ನಿಮ್ಮ ಎತ್ತರಕ್ಕೆ ಬಟ್ ಉದ್ದವಾದರೆ ಕಂಪ್ಯಾಕ್ಟ್ ಮಾದರಿ ಕೇಳಿ.

ಗುಂಡಿನ ಅಳತೆ. .30-06 ಬೇಡ. 1906ರಿಂದ ಇರುವ ಒಳ್ಳೆಯ ಗುಂಡು ಅದು, ಆದರೆ ಹಗುರ ರೈಫಲ್‌ನಲ್ಲಿ ಜೋರಾಗಿ ಒದೆಯುತ್ತದೆ. ಒದೆತಕ್ಕೆ ಹೆದರಿದ ಹೆಗಲು ಗುಂಡು ಹೊರಡುವ ಮೊದಲೇ ಬಿಗಿಯಾಗುತ್ತದೆ. ಕಣ್ಣು ಮುಚ್ಚಿಕೊಳ್ಳುತ್ತದೆ. ಅದೊಂದು ಅಭ್ಯಾಸವಾಗಿಬಿಟ್ಟರೆ ಬಿಡಿಸುವುದು ಕಷ್ಟ. ನಿಮಗೆ 6.5 ಕ್ರೀಡ್‌ಮೂರ್ ಸರಿಹೊಂದುತ್ತದೆ. ಒದೆತ .308ಗಿಂತ ಕಡಿಮೆ, ಇಲ್ಲಿಯ ಬಿಳಿಬಾಲದ ಜಿಂಕೆಗೆ ಬೇಕಾದಷ್ಟು ಬಲ, ತೋಟಾ ಎಲ್ಲಾ ಅಂಗಡಿಯಲ್ಲಿ ಸಿಗುತ್ತದೆ. ಇನ್ನೂ ಹಗುರ ಬೇಕಾದರೆ .243 ಇದೆ. ಆದರೆ ಅದರ ಗುಂಡು ಚಿಕ್ಕದು, ಗುರಿ ಸ್ವಲ್ಪ ತಪ್ಪಿದರೂ ಕ್ಷಮಿಸುವುದಿಲ್ಲ.

ಸ್ಕೋಪ್ ಬಗ್ಗೆ ನನಗೆ ಹೆಚ್ಚು ಹೇಳಬೇಕಿದೆ. ಸೆಟ್‌ನಲ್ಲಿ ಬರುವ ಸ್ಕೋಪ್ ಮಧ್ಯಾಹ್ನ ಚೆನ್ನಾಗಿಯೇ ಕಾಣಿಸುತ್ತದೆ. ಆದರೆ ಜಿಂಕೆ ಮಧ್ಯಾಹ್ನ ಬರುವುದಿಲ್ಲ ಅಲ್ವಾ? ಬೆಳಗಿನ ಮಬ್ಬು, ಸಂಜೆಯ ಮಬ್ಬು, ಆಗ ಅಗ್ಗದ ಗಾಜಿನಲ್ಲಿ ಜಿಂಕೆ ಯಾವುದು, ಪೊದೆ ಯಾವುದು ತಿಳಿಯುವುದಿಲ್ಲ. ಆದ್ದರಿಂದ ಬರಿಯ ರೈಫಲ್ ತಗೊಂಡು ಸ್ಕೋಪ್ ಬೇರೆ ತಗೊಳ್ಳಿ. ವೋರ್ಟೆಕ್ಸ್ ಕ್ರಾಸ್‌ಫೈರ್ 2, 3-9x40. ಸುಮಾರು 150 ಡಾಲರ್. ಆ ಕಂಪನಿ ಇರುವುದೇ ನಿಮ್ಮ ಮ್ಯಾಡಿಸನ್ ಪಕ್ಕದ ಬಾರ್ನೆವೆಲ್ಡ್‌ನಲ್ಲಿ. ಜೀವಮಾನದ ವಾರಂಟಿ, ಸೆಕೆಂಡ್ ಹ್ಯಾಂಡ್ ತಗೊಂಡರೂ ಅದು ನಿಮಗೆ ಸಿಗುತ್ತದೆ. ಇನ್ನೂ ಸ್ವಲ್ಪ ದುಡ್ಡು ಇದ್ದರೆ ಲ್ಯೂಪೋಲ್ಡ್ ವಿಎಕ್ಸ್ ಫ್ರೀಡಮ್. 3-9 ಎಂದರೆ ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುತ್ತದೆ, 40 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. ನಲವತ್ತನ್ನು ಒಂಬತ್ತರಿಂದ ಭಾಗಿಸಿ: ಕಣ್ಣಿಗೆ ಬರುವ ಬೆಳಕಿನ ವೃತ್ತ ನಾಲ್ಕೂವರೆ ಮಿಲಿಮೀಟರೂ ಇಲ್ಲ. ಐದಕ್ಕೆ ಇಳಿಸಿದರೆ 8 ಮಿಲಿಮೀಟರ್. ಅದಕ್ಕೇ ಮಬ್ಬಿನಲ್ಲಿ ನಾಲ್ಕು, ಐದರಲ್ಲಿ ಇಡಿ. ಕಾಡಿನೊಳಗೆ ಕೂತಾಗ ಮೂರರಲ್ಲೇ ಇರಲಿ. ಹತ್ತಿರ ಬಂದ ಜಿಂಕೆ ಒಂಬತ್ತರಲ್ಲಿ ಬರಿಯ ಕಂದು ಕೂದಲಾಗಿ ಕಾಣುತ್ತದೆ.

ಸ್ಕೋಪ್ ಕೂರಿಸುವ ಬೇಸ್, ರಿಂಗ್‌ಗಳಲ್ಲಿ ಕಂಜೂಸಿ ಬೇಡ. ಬಹಳ ಜನ ರೈಫಲ್ ಸರಿ ಇಲ್ಲ ಎನ್ನುತ್ತಾರೆ, ನೋಡಿದರೆ ಸ್ಕ್ರೂ ಸಡಿಲ ಇರುತ್ತದೆ. ಅದಕ್ಕೆ 40 ಡಾಲರ್ ಇಡಿ. ಉಳಿದದ್ದೆಲ್ಲ ತೋಟಾಕ್ಕೆ. 20ರ ಡಬ್ಬಿಗೆ 30 ಡಾಲರ್ ಹತ್ತಿರ ಆಗುತ್ತದೆ. ಫೆಡರಲ್ ಪವರ್‌ಶಾಕ್ ಅಥವಾ ಹಾರ್ನಡಿ ಅಮೆರಿಕನ್ ವೈಟ್‌ಟೇಲ್ ಸಾಕು. ಒಂದೇ ಬಗೆಯದ್ದನ್ನು ಮೂರು ಡಬ್ಬಿ ತಗೊಳ್ಳಿ. ಬಗೆ ಬದಲಾದರೆ ಗುರಿಯೂ ಬದಲಾಗುತ್ತದೆ. ರೈಫಲ್ 400ರ ಹತ್ತಿರ ಸಿಕ್ಕರೆ ಲೆಕ್ಕ 700ರ ಅಂಚಿಗೆ ಬರುತ್ತದೆ, ತೆರಿಗೆ ಸೇರಿದರೆ ಸ್ವಲ್ಪ ಮೇಲೆ.

ಸದಾಶಿವಗಡ

ಕಾರವಾರದವನು, ಸೈನ್ಯದಿಂದ ನಿವೃತ್ತ. ಕುಮಟಾದವರು ಹೇಳಿದ್ದರಲ್ಲಿ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನಾನಾದರೆ .308 ತಗೊಳ್ಳುತ್ತೇನೆ. ನಮ್ಮ ಸೈನ್ಯದ ಹಳೆಯ ರೈಫಲ್ ಎಸ್‌ಎಲ್‌ಆರ್‌ನ 7.62 ಅದರ ಸೋದರ ಗುಂಡು. 1952ರಿಂದ ಮಾರುಕಟ್ಟೆಯಲ್ಲಿದೆ, ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಬಟ್ ಹೆಗಲಿನ ಗುಳಿಗೆ ಸರಿಯಾಗಿ ಕೂತರೆ ಸಪೂರ ಹುಡುಗರೂ ಆರಾಮಾಗಿ ಹೊಡೆಯುತ್ತಾರೆ. ನಾನೇ ಕಲಿಸಿದ್ದೇನೆ. ಆದರೆ ಒದೆತದ ಹೆದರಿಕೆ ಈಗಲೇ ಮನಸ್ಸಿನಲ್ಲಿ ಇದ್ದರೆ ಅವರು ಹೇಳಿದ್ದೇ ಆಗಲಿ.

ಝೀರೋ ಮಾಡುವುದನ್ನು, ಅಂದರೆ ಸ್ಕೋಪಿನ ಗುರಿಯನ್ನು ಗುಂಡು ಬೀಳುವ ಜಾಗಕ್ಕೆ ಹೊಂದಿಸುವುದನ್ನು ಹೇಳುತ್ತೇನೆ. ಮೊದಲು 25 ಗಜದಲ್ಲಿ ದೊಡ್ಡ ಕಾಗದ ಹಚ್ಚಿ. ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ಮೂರು ಗುಂಡು. ಮೂರರ ನಡುವೆ ಎಲ್ಲಿ ಬಂತು ನೋಡಿ. ಒಂದೇ ಗುಂಡು ನೋಡಿ ಸ್ಕೋಪಿನ ತಿರುಪು ತಿರುಗಿಸಬೇಡಿ. ಇಂಥ ಸ್ಕೋಪಿನಲ್ಲಿ ಒಂದು ಕ್ಲಿಕ್ ಎಂದರೆ 100 ಗಜಕ್ಕೆ ಕಾಲು ಇಂಚು. 25 ಗಜದಲ್ಲಿ ಅಷ್ಟೇ ಸರಿಸಲು ನಾಲ್ಕು ಕ್ಲಿಕ್ ಬೇಕು. ಆಮೇಲೆ 100 ಗಜಕ್ಕೆ ಹೋಗಿ. ಅಲ್ಲಿ ಗುಂಡು ನಡುವಿನಿಂದ ಒಂದೂವರೆ, ಎರಡು ಇಂಚು ಮೇಲೆ ಬೀಳುವಂತೆ ಇಟ್ಟರೆ 200 ಗಜದವರೆಗೂ ಎದೆಯ ನಡುವೆ ಗುರಿ ಇಟ್ಟು ಹೊಡೆಯಬಹುದು. ನಳಿಗೆ ಬಿಸಿಯಾದರೆ ಆರಲು ಬಿಡಿ.

ಒಂದೆರಡು ಡಬ್ಬಿ ಮುಗಿಸಿ ನಿಲ್ಲಿಸಬೇಡಿ. ಮನೆಯಲ್ಲಿ ರೈಫಲ್ ಖಾಲಿ ಮಾಡಿ, ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡು, ಗೋಡೆಯ ಒಂದು ಚುಕ್ಕೆಗೆ ಗುರಿ ಇಟ್ಟು ಟ್ರಿಗರ್ ಒತ್ತಿ ಅಭ್ಯಾಸ ಮಾಡಿ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ನಿಧಾನ ಒತ್ತಿ. ಟ್ರಿಗರ್ ಬಿದ್ದಾಗ ಸ್ಕೋಪಿನೊಳಗಿನ ಕೂಡುಗೆರೆ ಅಲುಗಬಾರದು. ನಮ್ಮ ಜವಾನರು ಹೀಗೇ ಕಲಿಯುವುದು. ತೋಟಾ ಖರ್ಚಿಲ್ಲ.

ಬೇಲೆಕೇರಿಯವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವೀಸಾ ವಿಷಯ ನನಗೆ ಗೊತ್ತೇ ಇರಲಿಲ್ಲ. ತರಬೇತಿಯ ಕೋರ್ಸ್ ಹೋದ ಕೂಡಲೇ ಶುರು ಮಾಡುತ್ತೇನೆ. 6.5 ಎಂದು ನಿರ್ಧಾರ ಮಾಡಿದ್ದೇನೆ. ಇನ್ನೆರಡು ಕೇಳಲಾ? ಅವರು ಮರದ ಮೇಲೆ ಕೂರಿಸುತ್ತಾರಂತೆ, ನಮ್ಮ ಗದ್ದೆ ಮಾಳದ ಹಾಗೆ. ರೈಫಲ್ ಹಿಡಿದು ಹತ್ತುವುದು ಹೇಗೆ? ಮತ್ತೆ ನಾನು ಕನ್ನಡಕ ಹಾಕುತ್ತೇನೆ. ಸ್ಕೋಪ್ ಹಿಂದಕ್ಕೆ ಬಂದು ಕನ್ನಡಕಕ್ಕೆ ಬಡಿಯುತ್ತದಾ?

ಕುಮಟಾ–ಲಾಕ್ರಾಸ್

ಹಿಡಿದು ಹತ್ತುವುದೇ ಇಲ್ಲ. ಸೊಂಟ, ಎದೆಗೆ ಹಾರ್ನೆಸ್ ಹಾಕಿಕೊಂಡು ಬರಿಗೈಯಲ್ಲಿ ಹತ್ತಬೇಕು. ಕೂತ ಮೇಲೆ ಹಾರ್ನೆಸ್ ಮರಕ್ಕೆ ಕಟ್ಟಿರಲಿ. ಖಾಲಿ ಮಾಡಿದ ರೈಫಲ್‌ಗೆ ಹಗ್ಗ ಕಟ್ಟಿ, ಬಾಯಿ ಕೆಳಗಿರುವಂತೆ ಮೇಲಕ್ಕೆ ಎಳೆದುಕೊಂಡು ಆಮೇಲೆ ತೋಟಾ ತುಂಬಬೇಕು. ಮೇಲಿಂದ ಹೊಡೆದರೆ ಗುಂಡು ನೆಲಕ್ಕೆ ಹೋಗುತ್ತದೆ. ತೋಟದಮನೆಯವರ ಚಿಂತೆಗೆ ಅರ್ಧ ಉತ್ತರ ಅಲ್ಲೇ ಇದೆ. ಗುಡ್ಡದ ನೆತ್ತಿಯ ಮೇಲೆ, ಆಕಾಶಕ್ಕೆ ಎದುರಾಗಿ ನಿಂತ ಜಿಂಕೆಗೆ ಮಾತ್ರ ಯಾವತ್ತೂ ಹೊಡೆಯಬೇಡಿ. ಸೀಸನ್ 9 ದಿನ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಶುರು. ಗುಡ್ಡದ ತುಂಬ ಜನ ಇರುತ್ತಾರೆ. ಸೊಂಟದ ಮೇಲಿನ ಬಟ್ಟೆಯಲ್ಲಿ ಅರ್ಧಕ್ಕಾದರೂ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಬೇಕು, ಟೋಪಿಗೂ ಅದೇ ನಿಯಮ.

ಕನ್ನಡಕಕ್ಕೆ ಹೆದರಬೇಡಿ. ಈ ಸ್ಕೋಪಿಗೂ ಕಣ್ಣಿಗೂ ನಡುವೆ ಮೂರೂವರೆ ಇಂಚಿಗಿಂತ ಜಾಸ್ತಿ ಜಾಗ ಸಿಗುತ್ತದೆ. ಅಂಗಡಿಯಲ್ಲಿ ಕೂರಿಸುವಾಗ ನೀವು ಅಲ್ಲೇ ಇರಿ. ನವೆಂಬರ್‌ನಲ್ಲಿ ಹಾಕುವ ದಪ್ಪ ಜಾಕೆಟ್ ಹಾಕಿಕೊಂಡು, ಕನ್ನಡಕ ಹಾಕಿಕೊಂಡು ರೈಫಲ್ ಏರಿಸಿ. ಪೂರ್ತಿ ವೃತ್ತ ಕಾಣುವ ಜಾಗದಲ್ಲಿ ರಿಂಗ್ ಬಿಗಿ ಮಾಡಿಸಿ. ಸ್ಕೋಪಿನ ಹಿಂದಿನ ತುದಿ ತಿರುಗುತ್ತದೆ. ಬಿಳಿ ಗೋಡೆ ನೋಡುತ್ತಾ ಕೂಡುಗೆರೆ ಚೂಪಾಗುವವರೆಗೆ ತಿರುಗಿಸಿಕೊಳ್ಳಿ.

ಇನ್ನೆರಡು ವಿಷಯ, ನೀವು ಕೇಳಲಿಲ್ಲ. ಮ್ಯಾಡಿಸನ್, ರಿಚ್‌ಲ್ಯಾಂಡ್ ಕಡೆಯ ಜಿಂಕೆಗಳಲ್ಲಿ ಸಿಡಬ್ಲ್ಯುಡಿ ಎಂಬ ಮಿದುಳಿನ ಕಾಯಿಲೆ ಇದೆ. ರಾಜ್ಯದಲ್ಲಿ 2002ರಲ್ಲಿ ಮೊದಲು ಸಿಕ್ಕಿತು. ಮನುಷ್ಯರಿಗೆ ಬಂದ ಪುರಾವೆ ಇಲ್ಲ, ಆದರೆ ಕಾಯಿಲೆ ಇರುವ ಮಾಂಸ ತಿನ್ನಬೇಡಿ ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಡಿಎನ್‌ಆರ್ ಪುಕ್ಕಟೆ ಪರೀಕ್ಷೆ ಮಾಡಿಕೊಡುತ್ತದೆ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿರಲಿ. ಕಾಳುಮೆಣಸು ಹಾಕಿ ಸುಕ್ಕ ಮಾಡಲು ಅವಸರ ಬೇಡ.

ಮತ್ತೆ, ಊರಿಗೆ ಬರುವಾಗ ಬೇಟೆಗೆ ಒಯ್ದ ಬ್ಯಾಗು, ಜಾಕೆಟ್ ಯಾವುದನ್ನೂ ತರಬೇಡಿ. ಜೇಬಿನ ಮೂಲೆಯಲ್ಲಿ ಒಂದು ತೋಟಾ ಉಳಿದು ಭಾರತದ ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸು ಬೀಳುತ್ತದೆ. ತೋಟಾಕ್ಕೆ ಬೇರೆಯೇ ಚೀಲ ಇಡಿ, ಅದು ಮ್ಯಾಡಿಸನ್ ಬಿಟ್ಟು ಹೊರಡಬಾರದು.