ಅಡುಗೆಗೆ ಗ್ಯಾಸ್ ಇದೆ, ಬಚ್ಚಲ ಒಲೆ ಮಾತ್ರ ಕಟ್ಟಿಗೆಯದೇ. ಹೊಗೆಗೂ ಶುಗರ್‌ಗೂ ಸಂಬಂಧ ಉಂಟಾ?

ತೀರ್ಥಹಳ್ಳಿ_ಕಡೆ:
ತೀರ್ಥಹಳ್ಳಿ, ಹೊಸನಗರದ ಮನೆಗಳ ಮಟ್ಟಿಗೆ ಕೇಳುತ್ತಿದ್ದೇನೆ. ಸಿಲಿಂಡರ್ ಬಂದಿದ್ದರೂ ಬಚ್ಚಲ ಹಂಡೆ, ದನದ ಅಕ್ಕಚ್ಚು, ಅಡಿಕೆ ಬೇಯಿಸುವುದು ಎಲ್ಲ ಕಟ್ಟಿಗೆಯಲ್ಲೇ. ಮಳೆಗಾಲದಲ್ಲಂತೂ ಹಂಡೆ ಒಲೆ ಆರುವುದೇ ಇಲ್ಲ. ಸಪೂರ ಇರುವ, ತೋಟದಲ್ಲಿ ದುಡಿಯುವ ಹೆಂಗಸರಲ್ಲೂ ಬಿಪಿ, ಶುಗರ್ ಕಾಣುತ್ತಿದೆ. ಹೊಗೆಯ ಪಾಲೆಷ್ಟು? ಯಾವ ಪರೀಕ್ಷೆ ಮಾಡಿಸಬೇಕು? ಒಲೆಯಲ್ಲಿ ಮೊದಲು ಏನು ಸರಿಮಾಡಬೇಕು?

ಆಗುಂಬೆ_ಮಳೆ:
ಒಬ್ಬರಿಗೆ ಬಂದ ಶುಗರ್‌ನಲ್ಲಿ ಹೊಗೆಯ ಪಾಲು ಇಷ್ಟೇ ಅಂತ ಅಳೆದು ಹೇಳಲಾಗದು. ಅದು ಕೆಲಸ ಮಾಡುವ ದಾರಿ ಗೊತ್ತಿದೆ. ಹೊಗೆಯ ಅತಿ ಸಣ್ಣ ಕಣ (ಪಿಎಂ 2.5) ಶ್ವಾಸಕೋಶದ ತಳಕ್ಕಿಳಿದು ಉರಿಯೂತ ಎಬ್ಬಿಸುತ್ತದೆ. ಅದರ ಪರಿಣಾಮ ರಕ್ತದ ಮೂಲಕ ಹರಡಿದರೆ ಸ್ನಾಯು, ಯಕೃತ್ತು ಇನ್ಸುಲಿನ್ ಮಾತು ಕೇಳುವುದಿಲ್ಲ, ಶುಗರ್ ಏರುತ್ತದೆ. ರಕ್ತನಾಳ ಬಿಗಿದು ಬಿಪಿಯೂ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ವಾರ್ಷಿಕ ಮಿತಿ ಘನಮೀಟರಿಗೆ 5 ಮೈಕ್ರೋಗ್ರಾಂ. ಹೊಗೆ ತುಂಬಿದ ಬಚ್ಚಲಲ್ಲಿ ಲೆಕ್ಕ ನೂರರ ಮೇಲೆಯೇ.

ಆದರೆ ಸಮೀಕ್ಷೆ ಓದುವಾಗ ಎಚ್ಚರ. ಕಟ್ಟಿಗೆಯನ್ನೇ ನಂಬಿದವರು ಹೆಚ್ಚಾಗಿ ಬಡವರು, ಮೈಮುರಿದು ದುಡಿಯುವವರು. ಸುಮ್ಮನೆ ಹೋಲಿಸಿದರೆ ಗ್ಯಾಸ್ ಮನೆಯಲ್ಲೇ ಶುಗರ್ ಜಾಸ್ತಿ ಕಂಡೀತು; ಹಾಗಂತ ಗ್ಯಾಸ್ ಶುಗರ್ ತಂದದ್ದಲ್ಲ. ಭಾರತವೂ (ತಮಿಳುನಾಡಿನಲ್ಲಿ) ಸೇರಿ ನಾಲ್ಕು ದೇಶಗಳಲ್ಲಿ ನಡೆದ ಹ್ಯಾಪಿನ್ (HAPIN) ಎಂಬ ಪ್ರಯೋಗದಲ್ಲಿ ಗರ್ಭಿಣಿಯರಿಗೆ ಗ್ಯಾಸ್ ಕೊಟ್ಟು ಹೊಗೆ ಬಹಳ ಇಳಿದರೂ ಮಕ್ಕಳ ಹುಟ್ಟುತೂಕ ಏರಲಿಲ್ಲ. ಒಲೆ ಬದಲಿಸಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎನ್ನಬೇಡಿ. ಮತ್ತೆ, ಕವಳದ ಬಗ್ಗೆಯೂ ಕೇಳಿ: ಅಡಿಕೆ ಜಗಿಯುವುದಕ್ಕೂ ಸಕ್ಕರೆ ಕಾಯಿಲೆಗೂ ಹಲವು ಅಧ್ಯಯನಗಳಲ್ಲಿ ನಂಟು ಕಂಡಿದೆ. ತೋಟದವರೆದುರು ಹೇಳುವುದು ಕಷ್ಟವೇ.

ಹಂಡೆ_ಒಲೆ:
ಬಚ್ಚಲಿಂದಲೇ ಶುರುಮಾಡಿ. ಒಲೆಯ ಬಾಯಿಯನ್ನು ಹೊರಗೋಡೆಗೆ ತಿರುಗಿಸಿದರೆ ಅರ್ಧ ಕೆಲಸ ಮುಗಿಯಿತು. ಅದರ ಮೇಲೊಂದು ಸಣ್ಣ ಮಾಡು ಇಳಿಸಿ, ಇಲ್ಲದಿದ್ದರೆ ಆಷಾಢದ ಎರಚಲಿಗೆ ಬೆಂಕಿ ನಿಲ್ಲದು.

ಅದಾಗದಿದ್ದರೆ ಹೊಗೆಕೊಳವೆ: 4 ಇಂಚಿನದು, ನೆಟ್ಟಗೆ, ಮಾಡಿನ ನೆತ್ತಿಗಿಂತ 2 ಅಡಿ ಮೇಲೆ. ನಡುವೆ ಬೆಂಡ್ ಕೊಟ್ಟರೆ ಹೊಗೆ ಅಲ್ಲೇ ತಣಿದು ಡಾಂಬರಿನಂಥ ಜಿಗುಟು ಕಟ್ಟಿ ಎಳೆತ ಸಾಯುತ್ತದೆ. ಪಿವಿಸಿ ಬೇಡವೇ ಬೇಡ. ಹೆಂಚು ತೆಗೆದ ಕಡೆ ಕೊಳವೆ ಸುತ್ತ ತಗಡಿನ ಪಟ್ಟಿ ಕೂರಿಸದಿದ್ದರೆ ಮೊದಲ ಮಳೆಗೇ ಸೋರುತ್ತದೆ. ಮನೆಯವರು ಕೊಳವೆ ಕಿತ್ತು ತೂತಿಗೆ ಗೋಣಿ ತುರುಕುತ್ತಾರೆ, ಅಲ್ಲಿಗೆ ಮುಗಿಯಿತು. ತಿಂಗಳಿಗೊಮ್ಮೆ ಒಳಗಿನ ಮಸಿ ತೆಗೆಯಿರಿ. ಬೆಳಗ್ಗೆ ಹೊಗೆ ಹಿಂದಕ್ಕೆ ಬಂದರೆ ಕೊಳವೆ ಬುಡದಲ್ಲಿ ಒಂದು ಹಿಡಿ ಒಣ ಸೋಗೆ ಉರಿಸಿ, ಕೊಳವೆ ಬಿಸಿಯಾದ ಮೇಲೆ ಎಳೆಯುತ್ತದೆ.

ಕಟ್ಟಿಗೆಯನ್ನು ಶಿವರಾತ್ರಿಯೊಳಗೆ ಮಣಿಕಟ್ಟಿನ ದಪ್ಪಕ್ಕೆ ಸೀಳಿ, ನೆಲದಿಂದ ಎತ್ತರಿಸಿ ಒಟ್ಟಿ. ಎರಡು ತುಂಡು ಬಡಿದಾಗ ಠಣ್ ಅನ್ನಬೇಕು, ಡಬ್ ಅಂದರೆ ಇನ್ನೂ ಹಸಿ.

ತೀರ್ಥಹಳ್ಳಿ_ಕಡೆ:
ನಾಲ್ಕು ದನ ಇರುವ ಮನೆಗೆ ಗೋಬರ್ ಗ್ಯಾಸ್ ಸಾಕಾದೀತಾ?

ಹಂಡೆ_ಒಲೆ:
2 ಘನಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕೆಜಿ ಸಗಣಿ, ಅಷ್ಟೇ ನೀರು ಬೇಕು. ನಾಲ್ಕು ಜೆರ್ಸಿಯಾದರೆ ಆದೀತು, ನಾಲ್ಕು ಮಲೆನಾಡು ಗಿಡ್ಡವಾದರೆ ಇಲ್ಲ. ಆದರೂ ಅಡುಗೆಗಷ್ಟೇ, ಹಂಡೆಗಲ್ಲ.

ಸಾಗರ_ಲ್ಯಾಬ್:
ಪರೀಕ್ಷೆಯ ಮಾತು ಉಳಿಯಿತು. 30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಸಪೂರ ಇದ್ದರೂ ಹೊಟ್ಟೆಯ ಸುತ್ತಳತೆ ಅಳೆಯಿರಿ. ಹೆಂಗಸರಿಗೆ 80 ಸೆಂ.ಮೀ. ಗಡಿ. ಖಾಲಿ ಹೊಟ್ಟೆಯ ಶುಗರ್ 100ರಿಂದ 125 ಇದ್ದರೆ ಎಚ್ಚರಿಕೆಯ ಹಂತ; 126 ಅಥವಾ ಮೇಲೆ ಎರಡು ಸಲ ಬಂದರೆ ಸಕ್ಕರೆ ಕಾಯಿಲೆ.

ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಒಂದನ್ನೇ ನಂಬಬೇಡಿ. ಕಬ್ಬಿಣಾಂಶ ಕಡಿಮೆಯಾಗಿ ರಕ್ತ ಕುಂದಿದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಖಾಲಿ ಹೊಟ್ಟೆಯ ಶುಗರನ್ನೇ ನೋಡಿ. ಒಲೆಯ ಮುಂದಿಂದ ಎದ್ದು ಬಂದವರ ಬಿಪಿಯನ್ನು ಆಗಲೇ ನೋಡಬೇಡಿ. ಕಾಫಿ, ಕವಳ ಆಗಿ ಅರ್ಧ ಗಂಟೆ ಕಳೆದಿರಲಿ, ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಕೂರಿಸಿ, ಆಮೇಲೆ ಎರಡು ಸಲ ನೋಡಿ.