ಪ್ರಾಪರ್ಟಿ ಟೆಸ್ಟಿಂಗ್ ಓದಲು ಎಲ್ಲಿಂದ ಹೊರಡಬೇಕು?

ಪ್ರಶ್ನೆ: ಎಂ.ಟೆಕ್ ಸೆಮಿನಾರಿಗೆ ಪ್ರಾಪರ್ಟಿ ಟೆಸ್ಟಿಂಗ್ ತೆಗೆದುಕೊಂಡಿದ್ದೇನೆ. ದತ್ತಾಂಶವನ್ನು ಪೂರ್ತಿ ಓದದೆ, ಅಲ್ಲೊಂದು ಇಲ್ಲೊಂದು ಕಡೆ ಇಣುಕಿ ಅದರ ಗುಣ ಹೇಳುವುದು ಹೇಗೆಂದು ತಲೆಗೆ ಹತ್ತುತ್ತಿಲ್ಲ. ಗ್ರಾಫ್‌ಗಳಿಂದ (ಶೃಂಗಗಳೆಂಬ ಬಿಂದುಗಳು, ಅವನ್ನು ಜೋಡಿಸುವ ಅಂಚುಗಳು) ಶುರು ಮಾಡಿದೆ, ಓದು ಮುಂದೆ ಸಾಗುತ್ತಿಲ್ಲ. ಓದಿ ಬಲ್ಲವರು ದಾರಿ ಹೇಳಿ.

ಸಂಶೋಧನಾ ವಿದ್ಯಾರ್ಥಿನಿ: ಗ್ರಾಫ್ ಸದ್ಯಕ್ಕೆ ಬದಿಗಿಡಿ. ನಮ್ಮ ಓದಿನ ಗುಂಪು ಹೊರಟದ್ದು ಏರಿಕೆ ಕ್ರಮದ ಪಟ್ಟಿಯಿಂದ. ಇಲ್ಲಿ ಕೇಳುವುದೇ ಸಡಿಲವಾದ ಪ್ರಶ್ನೆ: ಪಟ್ಟಿ ಕ್ರಮದಲ್ಲಿದ್ದರೆ ಒಪ್ಪಬೇಕು; ಸರಿಪಡಿಸಲು ಹತ್ತನೇ ಒಂದು ಭಾಗವನ್ನಾದರೂ ಬದಲಿಸಬೇಕಾದಷ್ಟು ಕೆಟ್ಟಿದ್ದರೆ, ಕನಿಷ್ಠ ಮೂರನೇ ಎರಡರಷ್ಟು ಸಂಭವನೀಯತೆಯಿಂದ ತಿರಸ್ಕರಿಸಬೇಕು. ನಡುವಿನವಕ್ಕೆ ಏನು ಹೇಳಿದರೂ ನಡೆಯುತ್ತದೆ.

ಒಂದಗುಳು ಹಿಸುಕಿ ಅನ್ನ ನೋಡಿದಂತೆ ಎಂದು ಎಲ್ಲರೂ ವಿವರಿಸುತ್ತಾರೆ. ಆದರೆ ಯಾವ ಅಗುಳು ಎಂಬುದರಲ್ಲೇ ಎಲ್ಲವೂ ಇದೆ. ಅಕ್ಕಪಕ್ಕದ ಜೋಡಿ ನೋಡುತ್ತೀರಾ? 51ರಿಂದ 100, ಆಮೇಲೆ 1ರಿಂದ 50 ಬರೆಯಿರಿ: ಕ್ರಮ ತಪ್ಪುವುದು ಒಂದೇ ಕಡೆ, ಬದಲಿಸಬೇಕಾದದ್ದು 50 ಸಂಖ್ಯೆ. ಯಾವುದಾದರೂ ಎರಡು ಸ್ಥಾನ ಆರಿಸುತ್ತೀರಾ? 2, 1, 4, 3 ಎಂದು 100, 99ರವರೆಗೆ ಬರೆಯಿರಿ: 4,950 ಜೋಡಿಗಳಲ್ಲಿ ತಪ್ಪಿದವು 50 ಮಾತ್ರ, ಬದಲಿಸಬೇಕಾದದ್ದು ಇಲ್ಲೂ 50 ಸಂಖ್ಯೆ. ಇವನ್ನು ಕೈಯಾರೆ ಬರೆದ ಮೇಲೆ 1998ರ ಉಪಾಯ ನೋಡಿ. ಸಂಖ್ಯೆಗಳೆಲ್ಲ ಬೇರೆಬೇರೆ ಎಂದುಕೊಳ್ಳಿ. ಯಾದೃಚ್ಛಿಕವಾಗಿ ಒಂದು ಸ್ಥಾನ ಆರಿಸಿ, ಅಲ್ಲಿರುವ ಸಂಖ್ಯೆಯನ್ನು ಬೈನರಿ ಸರ್ಚ್‌ನಿಂದ (ಪ್ರತಿ ಸಲ ನಡುವಿನ ಸಂಖ್ಯೆಗೆ ಹೋಲಿಸಿ ಅರ್ಧ ಪಟ್ಟಿ ಕೈಬಿಡುತ್ತ) ಹುಡುಕಿ. ಅದೇ ಸ್ಥಾನ ಸಿಗದಿದ್ದರೆ ತಿರಸ್ಕರಿಸಿ. ಹೀಗೆ ಸಿಗುವ ಸಂಖ್ಯೆಗಳು ತಮ್ಮತಮ್ಮಲ್ಲಿ ಏರಿಕೆ ಕ್ರಮದಲ್ಲೇ ಇರುತ್ತವೆ, ಏಕೆಂದರೆ ಯಾವ ಎರಡರ ಹುಡುಕಾಟ ಕವಲೊಡೆಯುವಲ್ಲೂ ಅಲ್ಲಿನ ಸಂಖ್ಯೆಯೇ ಚಿಕ್ಕದನ್ನು ಎಡಕ್ಕೂ ದೊಡ್ಡದನ್ನು ಬಲಕ್ಕೂ ಕಳಿಸಿರುತ್ತದೆ. 10 ಲಕ್ಷದ ಪಟ್ಟಿಗೆ ಒಂದು ಹುಡುಕಾಟಕ್ಕೆ ಸುಮಾರು 20 ಇಣುಕು. ಹತ್ತನೇ ಒಂದು ಭಾಗ ಬದಲಿಸಬೇಕಾದಷ್ಟು ಕೆಟ್ಟ ಪಟ್ಟಿಯಲ್ಲಿ ಕನಿಷ್ಠ ಹತ್ತನೇ ಒಂದು ಭಾಗದ ಸಂಖ್ಯೆಗಳು ಹೀಗೆ ಸಿಗುವುದಿಲ್ಲ, ಹಾಗಾಗಿ 11 ಹುಡುಕಾಟ ಸಾಕು.

ಪಾಠ ಹೇಳುವವನು: ಒಪ್ಪಿದೆ. ಆದರೆ ನನ್ನ ತರಗತಿಯಲ್ಲಿ ಕಣ್ಣರಳುವುದು ಬ್ಲಮ್, ಲೂಬಿ, ರೂಬಿನ್‌ಫೆಲ್ಡ್ ಅವರ 1990ರ ರೇಖೀಯತೆ ಪರೀಕ್ಷೆಗೆ. ಬಿಟ್‌ಗಳ (0, 1ಗಳ) ಸಾಲಿಗೆ ಒಂದು ಬಿಟ್ ಬೆಲೆ ಕೊಡುವ ಫಂಕ್ಷನ್ ಇದೆ; ಯಾದೃಚ್ಛಿಕವಾಗಿ ಅಂಥ ಎರಡು ಸಾಲು ಆರಿಸಿ, ಅವುಗಳ ಬೆಲೆಗಳ ಮೊತ್ತವು ಸಾಲುಗಳ ಮೊತ್ತದ ಬೆಲೆಗೆ ಸಮವೇ ನೋಡುವುದು (ಮೊತ್ತದಲ್ಲಿ 1 + 1 = 0). ಸಾಲು ಎಷ್ಟೇ ಉದ್ದವಿರಲಿ, ಮೂರೇ ಪ್ರಶ್ನೆ. ಫಂಕ್ಷನ್ ರೇಖೀಯತೆಯಿಂದ ಎಷ್ಟು ದೂರವೋ (ರೇಖೀಯವಾಗಲು ಅದರ ಬೆಲೆಗಳ ಎಷ್ಟು ಭಾಗ ಬದಲಿಸಬೇಕೋ) ಕನಿಷ್ಠ ಅಷ್ಟು ಸಂಭವನೀಯತೆಯಿಂದ ಸಿಕ್ಕಿಬೀಳುತ್ತದೆ. ಸೆಮಿನಾರಿಗೆ ಇದನ್ನೇ ಇಟ್ಟುಕೊಳ್ಳಿ.

ಇನ್ನೊಬ್ಬರು: ಗ್ರಾಫ್‌ನಲ್ಲಿ ನೀವು ಸಿಕ್ಕಿಕೊಂಡದ್ದು ಎರಡು ಮಾದರಿಗಳು ಬೆರೆತದ್ದರಿಂದ ಇರಬಹುದು. ಗೋಲ್ಡ್‌ರೈಖ್, ಗೋಲ್ಡ್‌ವಾಸರ್, ರಾನ್ 1996ರಲ್ಲಿ ಮಂಡಿಸಿದ ದಟ್ಟ ಗ್ರಾಫ್ ಮಾದರಿಯಲ್ಲಿ, ಅಂಚಿನ ಎರಡು ತುದಿಗೂ ಬೇರೆ ಬಣ್ಣ ಬರುವಂತೆ ಶೃಂಗಗಳಿಗೆ ಬಣ್ಣ ಹಚ್ಚಲು ಎರಡೇ ಬಣ್ಣ ಸಾಕೇ ಎಂಬುದಕ್ಕೆ ಬೇಕಾದ ಪ್ರಶ್ನೆಗಳು ಗ್ರಾಫ್ ಬೆಳೆದರೂ ಬೆಳೆಯುವುದಿಲ್ಲ. ಪ್ರತಿ ಶೃಂಗದ ಅಂಚುಗಳಿಗೆ ಮಿತಿಯಿರುವ ಮಾದರಿಯಲ್ಲಿ ಅವು ಹೆಚ್ಚುಕಡಿಮೆ ಶೃಂಗಗಳ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತವೆ. ಯಾವ ಪ್ರಬಂಧ ತೆರೆದರೂ ಮೊದಲು ಮಾದರಿ ಯಾವುದೆಂದು ನೋಡಿ. ತ್ರಿಕೋನವಿಲ್ಲದ ಗ್ರಾಫ್‌ಗಳ ತಂಟೆಗೆ ಈಗ ಹೋಗಬೇಡಿ. ಅದಕ್ಕೆ ಬೇಕಾಗುವ ಸೆಮೆರೆಡಿಯವರ ಲೆಮ್ಮಾ (ಸಹಾಯಕ ಪ್ರಮೇಯ) ವಿವರಿಸುವಷ್ಟರಲ್ಲಿ ನಿಮ್ಮ ಸಮಯ ಮುಗಿದಿರುತ್ತದೆ.