ಹಿಪ್ಪಿ ಕಾಲದ ಪ್ರಯೋಗಚಿತ್ರಗಳು: ಅಮಲಿನ ಕೂಸೋ, ಕೈಕಸುಬೋ?

ತುಂಗಾತೀರ: ಅರವತ್ತರ ದಶಕದ ಸ್ಯಾನ್ ಫ್ರಾನ್ಸಿಸ್ಕೋದ ಪ್ರಯೋಗಾತ್ಮಕ ಕಿರುಚಿತ್ರಗಳನ್ನು ಒಂದರ ಹಿಂದೊಂದು ನೋಡಿದೆ. ಬ್ರೂಸ್ ಕಾನರ್ ಅವರ ‘ಲುಕಿಂಗ್ ಫಾರ್ ಮಶ್ರೂಮ್ಸ್’ನಲ್ಲಿ ಕಣ್ಣಿಗೆ ನಿಲ್ಲಲು ಜಾಗವೇ ಇಲ್ಲ. ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕ ದ್ರವ್ಯ ಇಲ್ಲದಿದ್ದರೆ ಇಂಥ ಸಿನಿಮಾ ಹುಟ್ಟುತ್ತಲೇ ಇರಲಿಲ್ಲ ಅನ್ನೋದು ನನ್ನ ವಾದ. ಆ ಅಮಲು ಗೊತ್ತಿಲ್ಲದವರಿಗೆ ಇದರಲ್ಲಿ ದಕ್ಕೋದೇನು?

ಹದಿನಾರು ಎಂಎಂ: ಇಸವಿಗಳೇ ನಿಮ್ಮ ವಾದಕ್ಕೆ ಅಡ್ಡ ಬರುತ್ತವೆ. ಚಿತ್ರ ನಿರ್ಮಾತೃ ಜೋರ್ಡನ್ ಬೆಲ್ಸನ್ ಅದೇ ಊರಿನ ಮೋರಿಸನ್ ತಾರಾಲಯದ ಗುಮ್ಮಟದ ಮೇಲೆ ಎಲೆಕ್ಟ್ರಾನಿಕ್ ಸಂಗೀತದ ಜೊತೆ ಬೆಳಕಿನ ಆಕೃತಿಗಳನ್ನು ಹರಿಬಿಟ್ಟಿದ್ದು 1957ರಲ್ಲಿ. ಹಿಪ್ಪಿಗಳು ಆ ಊರಿಗೆ ಹಿಂಡುಹಿಂಡಾಗಿ ಬಂದ ಹೆಸರಾಂತ ಬೇಸಿಗೆ 1967ರದ್ದು!

ಇನ್ನು ಅದೇ ಕಾಲದ ಇನ್ನೊಬ್ಬ ಪ್ರಯೋಗಚಿತ್ರಕಾರ ಸ್ಟಾನ್ ಬ್ರಾಕೇಜ್. 1963ರ ‘ಮಾತ್‌ಲೈಟ್’ಗೆ ಅವರು ಕ್ಯಾಮೆರಾ ಮುಟ್ಟಲೇ ಇಲ್ಲ. ಸತ್ತ ಪತಂಗಗಳ ರೆಕ್ಕೆ, ಹುಲ್ಲು, ಹೂವಿನ ಎಸಳುಗಳನ್ನು ಪಾರದರ್ಶಕ ಅಂಟುಪಟ್ಟಿಗಳ ನಡುವೆ ಜೋಡಿಸಿ, ಅದನ್ನೇ ಲ್ಯಾಬ್‌ನಲ್ಲಿ ಪ್ರಿಂಟ್ ಹಾಕಿಸಿದರು. 16 ಮಿ.ಮೀ. ಅಗಲದ ಪಟ್ಟಿಯೊಳಗೆ ರೆಕ್ಕೆ ಹರಿಯದಂತೆ ಕೂರಿಸೋದಕ್ಕೆ ಎಷ್ಟು ಎಚ್ಚರ ಬೇಕು, ಯೋಚಿಸಿ.

ಸಂಕಲನದ ಮೇಜು: ಕಾನರ್ ವಿಷಯಕ್ಕೂ ಇದೇ ಮಾತು. 1996ರಲ್ಲಿ ಅವರು ಅದೇ ಚಿತ್ರದ ಒಂದೊಂದು ಫ್ರೇಮನ್ನೂ ಐದೈದು ಸಲ ಪ್ರಿಂಟ್ ಮಾಡಿಸಿ, ಟೆರಿ ರೈಲಿ ಸಂಗೀತ ಕೂರಿಸಿ, ನಿಧಾನದ ಆವೃತ್ತಿ ತಂದರು. ಅದನ್ನು ನೋಡಿ. ಗಜಿಬಿಜಿ ಅನ್ನಿಸಿದ್ದ ಜಾಗದಲ್ಲೆಲ್ಲ ಬಣ್ಣ, ಗೋಡೆ, ಮುಖ ಬಿಡಿಬಿಡಿಯಾಗಿ ಕಾಣುತ್ತವೆ.

ಬ್ರೂಸ್ ಬೇಲಿ ಅವರ ‘ಕ್ಯಾಸ್ಟ್ರೋ ಸ್ಟ್ರೀಟ್’ (1966) ನನಗೆ ಇನ್ನೂ ಹತ್ತಿರದ್ದು. ಕ್ಯಾಲಿಫೋರ್ನಿಯಾದ ರಿಚ್ಮಂಡ್ ಊರಿನ ತೈಲ ಸಂಸ್ಕರಣಾಗಾರ, ಪಕ್ಕದ ರೈಲು ಹಳಿ, ಅಷ್ಟೇ ವಸ್ತು. ಕಪ್ಪುಬಿಳುಪಿನ ಮೇಲೆ ಬಣ್ಣ, ಪಾಸಿಟಿವ್ ಮೇಲೆ ನೆಗೆಟಿವ್ ಪದರ ಪದರವಾಗಿ ಬಿದ್ದು ಗೂಡ್ಸ್ ಬೋಗಿಯೂ ನೀರಿನ ಹಾಗೆ ಹರಿಯುತ್ತೆ. ಹತ್ತು ನಿಮಿಷ ಉಸಿರು ಬಿಗಿಹಿಡಿದು ನೋಡಿದೆ.

ತುಂಗಾತೀರ: ಕಸುಬಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಾನರ್ ಚಿತ್ರದೊಳಗೆ ಸ್ವತಃ ಟಿಮೊತಿ ಲಿಯರಿ ಇದ್ದಾರಲ್ಲ? ಎಲ್‌ಎಸ್‌ಡಿಯ ದೊಡ್ಡ ಪ್ರಚಾರಕ ಆತ. ಇಂಥ ಚಿತ್ರಗಳಿಗೆ ನೋಡುಗರನ್ನು ತಂದುಕೊಟ್ಟಿದ್ದು ಆ ಕಾಲದ ಗಾಳಿಯೇ.

ಕಡಲತಡಿ: ನೋಡುಗರನ್ನು ತಂದವರು ಸಿನಿಮಾ ಮಾಡಿದವರೇ. ಬೇಲಿ 1961ರಲ್ಲಿ ಕ್ಯಾನ್ಯನ್ ಎಂಬ ಪುಟ್ಟ ಊರಿನ ತಮ್ಮ ಮನೆಯಂಗಳದಲ್ಲಿ ಪರದೆ ಕಟ್ಟಿ ತೋರಿಸಲು ಶುರುಮಾಡಿದರು. ಅದೇ ಬೆಳೆದು ಕ್ಯಾನ್ಯನ್ ಸಿನಿಮಾ ಎಂಬ, ಚಿತ್ರ ಹಂಚುವ ಸಹಕಾರಿ ಸಂಘ ಆಯಿತು. ನ್ಯೂಯಾರ್ಕ್‌ನಲ್ಲಿ ಚಿತ್ರಕರ್ಮಿ ಜೋನಸ್ ಮೇಕಸ್ ಮತ್ತು ಗೆಳೆಯರು 1962ರಲ್ಲಿ ಕಟ್ಟಿದ ಸಹಕಾರಿಯಂತೂ ತಂದುಕೊಟ್ಟ ಯಾವ ಚಿತ್ರವನ್ನೂ ಬೇಡ ಅನ್ನಲಿಲ್ಲ. ಆಯ್ಕೆ ಸಮಿತಿಯೇ ಇರಲಿಲ್ಲ. ಈ ಕಟ್ಟುವ ಕೆಲಸವನ್ನು ಗಾಳಿ ಅಂದರೆ ನನಗೆ ಬೇಸರವಾಗುತ್ತೆ.

ಇನ್ನೊಂದು. ಎಲ್ಲರೂ ಗಂಡಸರ ಹೆಸರೇ ಹೇಳಿದಿರಿ. ಗುನ್ವೋರ್ ನೆಲ್ಸನ್, ಡೊರೊತಿ ವೈಲಿ ಸೇರಿ 1965ರಲ್ಲಿ ‘ಶ್ಮೀರ್‌ಗುಂಟ್ಸ್’ ಮಾಡಿದರು. ಒಂದು ಕಡೆ ಸೌಂದರ್ಯ ಸ್ಪರ್ಧೆಯ ನಗುಮುಖಗಳು, ಇನ್ನೊಂದು ಕಡೆ ಸಿಂಕ್‌ನಲ್ಲಿ ಕಟ್ಟಿಕೊಂಡ ಕೊಳೆ, ಬಸುರಿಯ ವಾಂತಿ, ಮಗುವಿನ ಹೇಲು. ಇದನ್ನು ಯಾವ ಅಮಲಿನ ಲೆಕ್ಕಕ್ಕೆ ಹಾಕ್ತೀರಿ?

ತುಂಗಾತೀರ: ಯಾವುದಕ್ಕೂ ಹಾಕೋಕಾಗಲ್ಲ. ಅದನ್ನು ಹುಡುಕಿ ನೋಡ್ತೀನಿ. ಲಿಯರಿ ಬಗ್ಗೆ ಕೇಳಿದ್ದಕ್ಕೆ ಮಾತ್ರ ಯಾರೂ ಉತ್ತರ ಕೊಟ್ಟಿಲ್ಲ.